3,299 ರೂಪಾಯಿಯ ಬೈಕರ್ ವೆಸ್ಟ್: ಚರ್ಮ ಪರವಾಗಿಲ್ಲ, ಬೆನ್ನ ಮೇಲಿನದ್ದು ಬೇಡ

ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ಎರಡೂವರೆ ಸ್ಟಾರ್. ಒಂದೂವರೆ ಹೊಲಿಗೆಗೆ, ಒಂದು ಒಳಗಿನ ಜೇಬಿಗೆ. ಬೆನ್ನ ಮೇಲೆ ಅಂಟಿಸಿಕೊಂಡು ಬಂದಿರುವ ಕಸೂತಿಯ ಪ್ಯಾಚುಗಳಿಗೆ ಸೊನ್ನೆ. ಆ ಸೊನ್ನೆ ಯಾಕೆ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಪುರುಸೊತ್ತು ಇಲ್ಲದವರು ಸೀದಾ ಕೊನೆಗೆ ಹೋಗಿ, ಸೈಜಿನ ವಿಷಯ ಅಲ್ಲಿ ಉಂಟು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವನು. ಸ್ವಲ್ಪ ಅಡಿಕೆ ತೋಟ, ಒಂದು ಸಣ್ಣ ಅಂಗಡಿ, ಒಂದು 350ರ ಬುಲೆಟ್. ನಾವು ಎಂಟು ಜನ ಇದ್ದೇವೆ, ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಐದೂವರೆಗೆ ಚೆರ್ಕಳದಲ್ಲಿ ಸೇರಿ ಹೊರಡುವವರು. ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾಟಿ ಮಡಿಕೇರಿ, ಅಥವಾ ಆ ಕಡೆ ರಾಣಿಪುರಂ. ನಮ್ಮಲ್ಲಿ ಒಬ್ಬರು ಶಾಲೆ ಮೇಷ್ಟ್ರು, ಅವರದ್ದು ಹಳೆಯ ಯೆಜ್ಡಿ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಅದನ್ನು ಬಿಡದೆ ಓಡಿಸುತ್ತಿದ್ದಾರೆ, ಸ್ಪೇರ್ ಪಾರ್ಟ್ಸ್ ಹುಡುಕುವುದಕ್ಕೇ ಅವರಿಗೆ ಒಂದು ಪಿಂಚಣಿ ಬೇಕು. ನಮ್ಮ ಗುಂಪಿಗೆ ಹೆಸರಿಲ್ಲ, ಅಧ್ಯಕ್ಷರಿಲ್ಲ. ಚಹಾದ ದುಡ್ಡು ಯಾರು ಕೊಡುವುದು ಅನ್ನುವ ಜಗಳ ಮಾತ್ರ ಉಂಟು.

ಈ ವರ್ಷ ನನ್ನ ಅಳಿಯ, ಅಂದರೆ ತಂಗಿಯ ಮಗ, ಮಂಗಳೂರಲ್ಲಿ ಇಂಜಿನಿಯರಿಂಗ್ ಓದುವವನು, ನಮ್ಮ ಜೊತೆ ಸೇರಿಕೊಂಡ. ಬಂದವನೇ ಹೇಳಿದ, ಮಾವ, ನಮಗೊಂದು ಲುಕ್ ಬೇಕು. ಫೋನಲ್ಲಿ ಒಂದು ಜಾಹೀರಾತು ತೋರಿಸಿದ. ಕಪ್ಪು ಚರ್ಮದ ತೋಳಿಲ್ಲದ ವೆಸ್ಟ್, ಬೆನ್ನ ತುಂಬಾ ಕಸೂತಿ, ಬೆಲೆ 3,299, "ಒರಿಜಿನಲ್ ಬೈಕರ್ ಕ್ಲಬ್ ಸ್ಟೈಲ್, ಎಲ್ಲ ಪ್ಯಾಚ್ ಸಹಿತ". ನನಗೂ ಸ್ವಲ್ಪ ಆಸೆ ಆಯಿತು, ಸುಳ್ಳು ಹೇಳುವುದಿಲ್ಲ. ನಲವತ್ತಾರು ವರ್ಷ ಆಯಿತು, ಇನ್ನು ಯಾವಾಗ ಹಾಕುವುದು? ಮೊದಲು ಒಂದು ತರಿಸಿ ನೋಡುವ, ಸರಿ ಇದ್ದರೆ ಉಳಿದ ಏಳು ತರಿಸುವ ಅಂತ ಮಾತಾಯಿತು. ಏಳು ಉಳಿಯಿತು, ದೇವರ ದಯೆ.

ಪಾರ್ಸೆಲ್ ಬಂದದ್ದು ಜೂನ್ ಮೊದಲ ವಾರ, ಮಳೆ ಹಿಡಿದ ದಿನವೇ. ಬಿಚ್ಚಿದ ಕೂಡಲೇ ಮನೆ ತುಂಬಾ ಹೊಸ ಚಪ್ಪಲಿ ಅಂಗಡಿಯ ವಾಸನೆ. ಹೆಂಡತಿ ಅದನ್ನು ಎರಡು ಬೆರಳಲ್ಲಿ ಹಿಡಿದು ಜಗಲಿಗೆ ತಂದು ನೇತು ಹಾಕಿದಳು. ಆಗ ಬೆನ್ನು ಪೂರ್ತಿ ಕಾಣಿಸಿತು. ಮೇಲೆ ಬಿಲ್ಲಿನ ಹಾಗೆ ಬಾಗಿದ ಒಂದು ಪಟ್ಟಿ, ಅದರಲ್ಲಿ ಯಾವುದೋ ಕ್ಲಬ್ಬಿನ ಹೆಸರು, ಅದೂ ಸ್ಪೆಲಿಂಗ್ ತಪ್ಪು. ಮಧ್ಯದಲ್ಲಿ ರೆಕ್ಕೆ ಇರುವ ತಲೆಬುರುಡೆ. ಅದರ ಪಕ್ಕ ಎಂಸಿ, ಅಂದರೆ ಮೋಟರ್‌ಸೈಕಲ್ ಕ್ಲಬ್, ಅಂತ ಎರಡಕ್ಷರದ ಚೌಕ. ಕೆಳಗೆ ಇನ್ನೊಂದು ಬಾಗಿದ ಪಟ್ಟಿ, "ಕ್ಯಾಲಿಫೋರ್ನಿಯಾ" ಅಂತ. ಎದೆಯ ಮೇಲೆ ವಜ್ರದ ಆಕಾರದಲ್ಲಿ 1%. ಬಿಳಿ ಮೇಲೆ ಕೆಂಪು ಅಕ್ಷರ.

ನೋಡಲು ಚಂದ ಇತ್ತು, ಇಲ್ಲ ಅನ್ನುವುದಿಲ್ಲ. ಪಕ್ಕದ ಮನೆಯ ಅಜ್ಜಿ ಬಂದು ನೋಡಿ, ಇದೆಂತ ಮಾರಾಯ ಗುಳಿಗ ಭೂತದ ಹಾಗೆ ಉಂಟು ಅಂದರು. ಆಮೇಲೆ ಯೋಚನೆ ಮಾಡಿದರೆ ಅಜ್ಜಿಗೆ ವಿಷಯ ನನಗಿಂತ ಮೊದಲೇ ಗೊತ್ತಾಗಿತ್ತು ಅನ್ನಿಸುತ್ತದೆ.

ನನಗೆ ಗೊತ್ತಾದದ್ದು ಒಂದು ವಾರ ಬಿಟ್ಟು. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಇರುವ ನನ್ನ ದೊಡ್ಡಪ್ಪನ ಮಗ ರಜೆಗೆ ಊರಿಗೆ ಬಂದಿದ್ದ. ನಾನು ವೆಸ್ಟ್ ಹಾಕಿಕೊಂಡು ಗತ್ತಿನಿಂದ ಅವನ ಮನೆ ಅಂಗಳಕ್ಕೆ ಬೈಕ್ ನಿಲ್ಲಿಸಿದೆ. ಅವನು ನಗಲಿಲ್ಲ. ಒಳಗೆ ಬಾ, ಮೊದಲು ಅದನ್ನು ತೆಗೆ ಅಂದ. ಅವನಿರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಸರ್ಕಾರ ಪಟ್ಟಿ ಮಾಡಿದ ಬೈಕ್ ಗ್ಯಾಂಗುಗಳ ಗುರುತು ಹಾಕಿಕೊಂಡು ಸಾರ್ವಜನಿಕ ಜಾಗದಲ್ಲಿ ತಿರುಗುವುದೇ ಅಪರಾಧ, 2016ರ ಕಾನೂನು. ಪೊಲೀಸರಿಗಿಂತ ಮೊದಲು ಬೇರೆಯವರು ಹಿಡಿದರೆ ಇನ್ನೂ ಕಷ್ಟ ಅಂದ. ಬೇರೆಯವರು ಅಂದರೆ ನಿಜವಾಗಿ ಅದನ್ನು ಹಾಕುವವರು.

ಆ ರಾತ್ರಿ ಕರೆಂಟ್ ಇರಲಿಲ್ಲ. ಅವನು ಹೇಳುತ್ತಾ ಹೋದ, ನಾನು ಕೇಳುತ್ತಾ ಹೋದೆ. ಆಮೇಲೆ ನಾನೇ ತುಂಬಾ ಓದಿದೆ, ಮಳೆಗಾಲದಲ್ಲಿ ಅಂಗಡಿಯಲ್ಲಿ ಬೇರೆ ಎಂತ ಕೆಲಸ. ಹಾಗಾಗಿ ಈ ವೆಸ್ಟಿನ ಒಂದೊಂದು ತುಂಡಿನ ಬಗ್ಗೆಯೂ ಹೇಳುತ್ತೇನೆ. ಜಾಹೀರಾತಿನಲ್ಲಿ ಇದನ್ನೆಲ್ಲ ಹೇಳುವುದಿಲ್ಲ.

ಎದೆಯ ಮೇಲಿನ 1% ಇಂದ ಶುರು ಮಾಡುವ. ಇದರ ಕಥೆ 1947ರ ಜುಲೈಯದ್ದು. ಕ್ಯಾಲಿಫೋರ್ನಿಯಾದಲ್ಲಿ ಹಾಲಿಸ್ಟರ್ ಅಂತ ಒಂದು ಸಣ್ಣ ಊರು. ಎರಡನೇ ಮಹಾಯುದ್ಧ ಮುಗಿದು ಎರಡು ವರ್ಷ, ಮನೆಗೆ ಬಂದ ಹುಡುಗರ ಕೈಯಲ್ಲಿ ಬೈಕು, ಮನಸ್ಸಿಗೆ ನೆಮ್ಮದಿ ಇಲ್ಲ. ಅಲ್ಲಿ ನಡೆದ ಬೈಕ್ ಮೇಳಕ್ಕೆ ಸುಮಾರು 4,000 ಜನ ಬಂದರು, ಊರಿನ ಜನಸಂಖ್ಯೆಯೂ ಹೆಚ್ಚು ಕಡಿಮೆ ಅಷ್ಟೇ. ಕುಡಿತ, ಬೀದಿಯಲ್ಲಿ ರೇಸು, ಸ್ವಲ್ಪ ಹೊಡೆದಾಟ, ಕೆಲವರ ಬಂಧನ. ನಿಜವಾಗಿ ಅಷ್ಟೇ. ಆದರೆ ಲೈಫ್ ಪತ್ರಿಕೆಯಲ್ಲಿ ಒಂದು ಫೋಟೋ ಬಂತು, ಬಿಯರ್ ಬಾಟಲಿಗಳ ರಾಶಿಯ ಮಧ್ಯೆ ಬೈಕಿನ ಮೇಲೆ ಕುಳಿತ ಒಬ್ಬ ಕುಡುಕ. ಆ ಬಾಟಲಿಗಳನ್ನು ಬೇಕೆಂದೇ ಜೋಡಿಸಿದ್ದರು ಎಂದು ಅಲ್ಲಿ ನಿಂತು ನೋಡಿದ ಒಬ್ಬರು ಆಮೇಲೆ ಹೇಳಿದ್ದಾರೆ. ಫೋಟೋ ಮಾತ್ರ ಇಡೀ ದೇಶ ಸುತ್ತಿತು. ಅದಾದ ಮೇಲೆ ಅಮೆರಿಕದ ಮೋಟರ್‌ಸೈಕಲ್ ಸಂಘದವರು, ಬೈಕ್ ಓಡಿಸುವವರಲ್ಲಿ 99% ಜನ ಕಾನೂನು ಪಾಲಿಸುವವರು ಎಂದು ಹೇಳಿಕೆ ಕೊಟ್ಟರಂತೆ. ಅಂತೆ ಯಾಕೆ ಅಂದರೆ, ಹಾಗೆ ಹೇಳಿದ ದಾಖಲೆ ನಮ್ಮಲ್ಲಿಲ್ಲ ಎಂದು ಆ ಸಂಘವೇ ಹೇಳುತ್ತದೆ. ಹೇಳಿದರೋ ಬಿಟ್ಟರೋ, ಕೆಲವು ಕ್ಲಬ್ಬಿನವರು ಅದನ್ನು ಹಿಡಿದುಕೊಂಡರು. ಹಾಗಾದರೆ ಉಳಿದ ಆ ಒಬ್ಬರು ನಾವೇ ಅಂತ ಎದೆಗೆ ಹೊಲಿದುಕೊಂಡರು.

ಅಂದರೆ ಆ ವಜ್ರ ಡಿಸೈನ್ ಅಲ್ಲ. ನಾನು ಕಾನೂನಿನ ಹೊರಗಿನವನು ಅಂತ ಹಾಕಿಕೊಂಡ ಬೋರ್ಡು. ನಾನು ಅಡಿಕೆ ಸೊಸೈಟಿಯ ಸದಸ್ಯ, ಪ್ರತಿ ವರ್ಷ ಟ್ಯಾಕ್ಸ್ ಕಟ್ಟುವವನು, ಹೆಲ್ಮೆಟ್ ಇಲ್ಲದೆ ಒಮ್ಮೆ ಫೈನ್ ಬಿದ್ದದ್ದಕ್ಕೆ ಎರಡು ದಿನ ನಿದ್ದೆ ಮಾಡದವನು. ನನ್ನ ಎದೆಯ ಮೇಲೆ ಅದು ಹೇಗೆ ಕಂಡಿರಬಹುದು ಯೋಚಿಸಿ.

ಇನ್ನು ರೆಕ್ಕೆಯ ಬುರುಡೆ. ಇದು ಯಾರದ್ದನ್ನು ನೋಡಿ ಕದ್ದದ್ದು ಅಂತ ಬೈಕ್ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಹೆಲ್ಸ್ ಏಂಜಲ್ಸ್, 1948ರ ಮಾರ್ಚ್ 17ರಂದು ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಕ್ಲಬ್, ಬಣ್ಣ ಕೆಂಪು ಬಿಳಿ. ಇವತ್ತು ಬೇರೆ ಬೇರೆ ಖಂಡಗಳಲ್ಲಿ ಅವರ ಶಾಖೆಗಳಿವೆ. 81 ಅಂತಲೂ ಕರೆದುಕೊಳ್ಳುತ್ತಾರೆ, ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎಚ್ ಎಂಟನೆಯದು, ಎ ಒಂದನೆಯದು. ಅವರ ಮೇಲೆ ಅಭಿಮಾನ ಇರುವ ಹೊರಗಿನವರು ಅಂಗಿಯ ಮೇಲೆ 81 ಅಂತ ಹಾಕಬಹುದು, ಹೆಸರು ಮತ್ತು ಬುರುಡೆ ಹಾಕುವ ಹಾಗಿಲ್ಲ.

ನನಗೆ ತಮಾಷೆ ಅನ್ನಿಸಿದ್ದು ಬೇರೆ. ಇಷ್ಟು ಗುಟ್ಟಿನ, ಕೋರ್ಟು ಕಚೇರಿ ಅಂದರೆ ಆಗದ ಜನ ಅಂತ ನಾವು ಅಂದುಕೊಂಡಿದ್ದೇವೆ ಅಲ್ವಾ? ಆ ಬುರುಡೆಗೆ ಅವರು ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿದ್ದಾರೆ! ಯಾರಾದರೂ ಅದನ್ನು ಹಾಕಿ ಮಾರಿದರೆ ವಕೀಲರನ್ನು ಕಳಿಸುತ್ತಾರೆ. 2010ರಲ್ಲಿ ಅಲೆಕ್ಸಾಂಡರ್ ಮೆಕ್ವೀನ್ ಅನ್ನುವ ದೊಡ್ಡ ಫ್ಯಾಷನ್ ಕಂಪನಿಯ ಮೇಲೆ ಕೇಸು ಹಾಕಿದರು, ಉಂಗುರ ಮತ್ತು ಬ್ಯಾಗಿನ ಮೇಲೆ ರೆಕ್ಕೆಯ ಬುರುಡೆ ಇತ್ತು ಅಂತ. 2012ರಲ್ಲಿ ಮಕ್ಕಳ ಆಟಿಕೆ ಮಾರುವ ಟಾಯ್ಸ್ ಆರ್ ಅಸ್ ಮೇಲೆ, ಒಂದು ಯೋಯೋ ಮೇಲೆ ಆ ಚಿತ್ರ ಇತ್ತು ಅಂತ. ಯೋಯೋ ಮಾರಾಯ್ರೆ. ಹೀಗಿರುವಾಗ ನನಗೆ 3,299ಕ್ಕೆ ಇದನ್ನು ಕಳಿಸಿದ ಪುಣ್ಯಾತ್ಮ ಎಷ್ಟು ಧೈರ್ಯವಂತ ನೋಡಿ. ಕಸ್ಟಮರ್ ಕೇರಿಗೆ ಫೋನ್ ಮಾಡಿ ಕೇಳಿದೆ, ಇದು ನಿಜವಾದ ಕ್ಲಬ್ಬಿನ ಗುರುತಿನ ಹಾಗೆ ಉಂಟಲ್ಲಾ ಅಂತ. ಆ ಹುಡುಗಿ ಖುಷಿಯಿಂದ, ಹೌದು ಸರ್, ಫುಲ್ ಒರಿಜಿನಲ್ ಫೀಲ್ ಸರ್ ಅಂದಳು.

ಮಂಗೋಲ್ಸ್ ಅಂತ ಇನ್ನೊಂದು ಕ್ಲಬ್ ಉಂಟು, 1969ರಲ್ಲಿ ಶುರುವಾದದ್ದು. ಅವರ ವಿಷಯದಲ್ಲಿ ಇನ್ನೂ ವಿಚಿತ್ರ. ಅಮೆರಿಕ ಸರ್ಕಾರವೇ ಅವರ ಟ್ರೇಡ್‌ಮಾರ್ಕನ್ನು ಜಪ್ತಿ ಮಾಡಲು ಹೊರಟಿತು. ಅಪರಾಧಿಗಳನ್ನು ಹಿಡಿದರೂ ಕ್ಲಬ್ ಸಾಯುವುದಿಲ್ಲ, ಬೆನ್ನಿನ ಚಿತ್ರವನ್ನೇ ಕಿತ್ತುಕೊಂಡರೆ ಸಾಯುತ್ತದೆ ಅನ್ನುವ ಲೆಕ್ಕ. ಜ್ಯೂರಿ ಒಪ್ಪಿತು, ಆದರೆ 2019ರಲ್ಲಿ ನ್ಯಾಯಾಧೀಶರು ಆಗುವುದಿಲ್ಲ ಅಂದರು, ಅದು ಮಾತಿನ ಸ್ವಾತಂತ್ರ್ಯಕ್ಕೆ ಅಡ್ಡ ಬರುತ್ತದೆ ಅಂತ. ಒಂದು ಬಟ್ಟೆ ತುಂಡಿಗೆ ಎಷ್ಟು ಬೆಲೆ ಉಂಟು ಅಂತ ನನಗೆ ಆವಾಗ ಅರ್ಥ ಆಯಿತು.

ಆ ಬೆಲೆ ಎಲ್ಲಿಂದ ಬರುತ್ತದೆ ಅಂದರೆ ಕಾಯುವುದರಿಂದ. ನಿಜವಾದ ಕ್ಲಬ್ಬುಗಳಲ್ಲಿ ಬೆನ್ನಿನ ಆ ಮೂರು ತುಂಡು ಒಟ್ಟಿಗೆ ಸಿಗುವುದಿಲ್ಲ. ಮೊದಲು ಸುಮ್ನೆ ಜೊತೆಯಲ್ಲಿ ಸುತ್ತಬೇಕು, ಹ್ಯಾಂಗ್‌ಅರೌಂಡ್ ಅನ್ನುತ್ತಾರೆ. ಆಮೇಲೆ ಪ್ರಾಸ್ಪೆಕ್ಟ್, ಅಂದರೆ ಉಮೇದುವಾರ. ಒಂದು ವರ್ಷ, ಕೆಲವೊಮ್ಮೆ ಜಾಸ್ತಿ. ರಾತ್ರಿ ಇಡೀ ಬೈಕುಗಳಿಗೆ ಕಾವಲು ನಿಲ್ಲಬೇಕು, ಬಿಯರ್ ತಂದು ಕೊಡಬೇಕು, ಅರ್ಧ ರಾತ್ರಿ ಫೋನ್ ಬಂದರೆ ಎದ್ದು ಹೋಗಬೇಕು, ಬೈಸಿಕೊಳ್ಳಬೇಕು. ಹಲವು ಕ್ಲಬ್ಬುಗಳಲ್ಲಿ ಅಷ್ಟು ದಿನ ಅವನ ಬೆನ್ನ ಮೇಲೆ ಕೆಳಗಿನ ಪಟ್ಟಿ ಮಾತ್ರ. ಕೊನೆಗೆ ಸದಸ್ಯರೆಲ್ಲ ಕುಳಿತು ಮತ ಹಾಕುತ್ತಾರೆ, ಒಪ್ಪಿದರೆ ಪೂರ್ತಿ ಪ್ಯಾಚ್.

ಇದನ್ನು ಕೇಳಿದ ಕೂಡಲೇ ನಮ್ಮ ಮೇಷ್ಟ್ರು, ಇದು ನಮ್ಮ ಯಕ್ಷಗಾನ ಮೇಳದ ಹಾಗೇ ಅಲ್ವಾ ಅಂದರು. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಊರಿನವರಿಗೆ ಬೇರೆ ಎಂತ ನೆನಪಾಗುತ್ತದೆ. ತೆಂಕುತಿಟ್ಟಿನ ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ದಿನವೇ ಕಿರೀಟ ಕೊಡುತ್ತಾರಾ? ಕೋಡಂಗಿ ಕುಣಿಯಬೇಕು, ಬಾಲಗೋಪಾಲ ಕುಣಿಯಬೇಕು, ದೊಡ್ಡವರಿಗೆ ಗೆಜ್ಜೆ ಕಟ್ಟಿ ಕೊಡಬೇಕು, ಚೌಕಿಯ, ಅಂದರೆ ಬಣ್ಣದ ಮನೆಯ, ಮೂಲೆಯಲ್ಲಿ ನಿದ್ದೆಗಣ್ಣಲ್ಲಿ ಕೂತು ಬಣ್ಣ ಬರೆಯುವುದನ್ನು ನೋಡಬೇಕು. ವರ್ಷಗಳು ಹೋದ ಮೇಲೆ ಯಾರೋ ಒಂದು ದಿನ ಹೇಳುತ್ತಾರೆ, ಇವತ್ತು ನೀನು ಕಟ್ಟು. ಇನ್ನು ಭೂತಕೋಲದಲ್ಲಿ ಕಟ್ಟುವ ಅಣಿಯ ಮಾತು ಬೇಡವೇ ಬೇಡ. ಫ್ಯಾನ್ಸಿ ಡ್ರೆಸ್ಸಿಗೆ ಅಂತ ಅದನ್ನು ಬಾಡಿಗೆಗೆ ಕೇಳಿ ನೋಡಿ, ನಮ್ಮ ಊರಿನವರು ಎಂತ ಉತ್ತರ ಕೊಡುತ್ತಾರೆ ಅಂತ. ಪಕ್ಕದ ಮನೆ ಅಜ್ಜಿ ಗುಳಿಗ ಅಂದದ್ದು ಅದಕ್ಕೇ ಸರಿ ಉಂಟು ಅಂತ ನಾನು ಹೇಳಿದ್ದು.

ಹಾಗಂತ ಎರಡೂ ಒಂದೇ ಅಂತ ಅಲ್ಲ. ಮೇಳ ಬಿಟ್ಟು ಇನ್ನೊಂದು ಮೇಳಕ್ಕೆ ಹೋದರೆ ಯಾರೂ ಕಾಲು ಮುರಿಯುವುದಿಲ್ಲ. ಅಲ್ಲಿ ಪ್ಯಾಚ್ ಕ್ಲಬ್ಬಿನ ಸೊತ್ತು, ಹಾಕುವವನದ್ದಲ್ಲ. ಬಿಟ್ಟು ಹೋದರೆ ವಾಪಸು ಕೊಡಬೇಕು. ಜಗಳ ಮಾಡಿಕೊಂಡು ಹೋದರೆ ಮೈ ಮೇಲಿನ ಹಚ್ಚೆಯನ್ನೂ ಅಳಿಸಬೇಕು, ತಾನಾಗಿ ಅಳಿಸದಿದ್ದರೆ ಅಳಿಸುವ ರೀತಿ ಬೇರೆ ಉಂಟು. ವಾರದ ಮೀಟಿಂಗಿಗೆ ಚರ್ಚ್ ಅಂತ ಹೆಸರು, ಒಳಗೆ ಪ್ಯಾಚ್ ಇರುವವರು ಮಾತ್ರ, ಹೆಂಗಸರಿಗೆ ಸದಸ್ಯತ್ವವೇ ಇಲ್ಲ. ಒಳಗಿನ ಮಾತು ಹೊರಗೆ ಬರಬಾರದು. ಶಿಸ್ತು ನೋಡಿಕೊಳ್ಳುವವನಿಗೆ ಸಾರ್ಜೆಂಟ್ ಅಟ್ ಆರ್ಮ್ಸ್ ಅಂತ ಪದವಿ.

ಅಂತ ಜಾಗಕ್ಕೂ ಪೊಲೀಸರು ನುಗ್ಗಿದ್ದಾರೆ. ವಿಲಿಯಂ ಕ್ವೀನ್ ಅನ್ನುವ ಅಮೆರಿಕದ ಅಧಿಕಾರಿ 1998ರಲ್ಲಿ ಹೆಸರು ಬದಲಿಸಿ ಮಂಗೋಲ್ಸ್ ಸೇರಿದ, ಉಮೇದುವಾರನಾಗಿ ಬೈಸಿಕೊಂಡ, ಪೂರ್ತಿ ಪ್ಯಾಚ್ ಸಿಕ್ಕಿತು, ಕೊನೆಗೆ ಅವನನ್ನು ಶಾಖೆಯ ಖಜಾಂಚಿ ಮಾಡಿದರು. ಎರಡು ವರ್ಷಕ್ಕಿಂತ ಜಾಸ್ತಿ ಹೀಗೆ ಇದ್ದ. ಕಳ್ಳರ ಲೆಕ್ಕ ಬರೆಯಲು ಪೊಲೀಸನೇ ಬೇಕಾಯಿತು ನೋಡಿ, ಲೆಕ್ಕ ಸರಿ ಇದ್ದಿರಬೇಕು.

ಈಗ ಕೆಳಗಿನ ಪಟ್ಟಿ. ನನ್ನ ಪ್ರಕಾರ ಇಡೀ ವೆಸ್ಟಿನಲ್ಲಿ ಅಪಾಯದ ತುಂಡು ಬುರುಡೆ ಅಲ್ಲ, ಇದು. ಬಾಟಮ್ ರಾಕರ್ ಅನ್ನುತ್ತಾರೆ. ಅದರಲ್ಲಿ ಊರು ಅಥವಾ ರಾಜ್ಯದ ಹೆಸರು. ನಾನು ಈ ಊರಿನವನು ಅಂತ ಅಲ್ಲ, ಈ ಊರು ನಮ್ಮದು ಅಂತ ಅರ್ಥ. ಈ ಎರಡರ ಮಧ್ಯೆ ಇರುವ ವ್ಯತ್ಯಾಸ ಕಾಸರಗೋಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಟೆಕ್ಸಾಸಿನ ವೇಕೋ ಊರಲ್ಲಿ 2015ರ ಮೇ 17, ಭಾನುವಾರ ಮಧ್ಯಾಹ್ನ, ಒಂದು ರೆಸ್ಟೋರೆಂಟಿನ ಪಾರ್ಕಿಂಗ್ ಜಾಗ. ಬ್ಯಾಂಡಿಡೋಸ್ ಅಂತ 1966ರಲ್ಲಿ ಟೆಕ್ಸಾಸಿನಲ್ಲೇ ಹುಟ್ಟಿದ ಕ್ಲಬ್. ಕೊಸಾಕ್ಸ್ ಅಂತ ಇನ್ನೊಂದು. ಕೊಸಾಕ್ಸ್‌ನವರು ಕೇಳದೆ ಬೆನ್ನಿಗೆ "ಟೆಕ್ಸಾಸ್" ಪಟ್ಟಿ ಹಾಕಿಕೊಂಡರು ಅನ್ನುವುದು ದ್ವೇಷದ ಮುಖ್ಯ ಕಾರಣ. ಗುಂಡು ಹಾರಿತು, ಹೊರಗೆ ಕಾಯುತ್ತಿದ್ದ ಪೊಲೀಸರೂ ಹಾರಿಸಿದರು, 9 ಜನ ಸತ್ತರು. 177 ಜನರನ್ನು ಎತ್ತಿಕೊಂಡು ಹೋದರು. ಆಮೇಲೆ ಎಂತ ಆಯಿತು ಗೊತ್ತಾ? 2019ರ ಹೊತ್ತಿಗೆ ಎಲ್ಲ ಕೇಸೂ ಬಿದ್ದು ಹೋಯಿತು, ಒಬ್ಬನಿಗೂ ಶಿಕ್ಷೆ ಇಲ್ಲ. ಇಷ್ಟೆಲ್ಲ ಒಂದು ಪಟ್ಟಿ ಬಟ್ಟೆಗೆ.

ದೊಡ್ಡಪ್ಪನ ಮಗ ಹೇಳಿದ್ದು ಅವನ ದೇಶದ ಕಥೆ. 1984ರ ಸೆಪ್ಟೆಂಬರ್ 2, ಸಿಡ್ನಿಯ ಮಿಲ್‌ಪೆರಾ, ಅಲ್ಲಿ ಅವತ್ತು ಅಪ್ಪಂದಿರ ದಿನ. ಬೈಕಿನ ಹಳೆ ಸ್ಪೇರ್ ಪಾರ್ಟ್ಸ್ ಮಾರುವ ಮೇಳ, ನಮ್ಮ ಮೇಷ್ಟ್ರು ಕಂಡರೆ ಓಡಿ ಹೋಗುವಂತ ಜಾಗ. ಕೊಮಾಂಚೆರೋ ಕ್ಲಬ್ಬಿನವರು ಮತ್ತು ಅವರಿಂದ ಒಡೆದು ಬ್ಯಾಂಡಿಡೋಸ್ ಆದವರು ಎದುರಾದರು. 7 ಜನ ಸತ್ತರು. ಆರು ಜನ ಅವರವರೇ. ಏಳನೆಯದು ಯಾವುದಕ್ಕೂ ಸಂಬಂಧ ಇಲ್ಲದ ಒಂದು ಹುಡುಗಿ. ಇದನ್ನು ಹೇಳುವಾಗ ಅವನು ಸ್ವಲ್ಪ ಹೊತ್ತು ಸುಮ್ಮನಾದ, ಅವನಿಗೂ ಹೆಣ್ಣು ಮಗು.

ಕೆನಡಾದ ಕ್ವಿಬೆಕ್‌ನಲ್ಲಿ 1994ರಿಂದ 2002ರ ತನಕ ಡ್ರಗ್ಸ್ ಮಾರುಕಟ್ಟೆಗಾಗಿ ಹೆಲ್ಸ್ ಏಂಜಲ್ಸ್ ಮತ್ತು ರಾಕ್ ಮೆಷಿನ್ ಅನ್ನುವ ಇನ್ನೊಂದು ಕ್ಲಬ್ ಕಾದಾಡಿದಾಗ 160ಕ್ಕಿಂತ ಹೆಚ್ಚು ಜನ ಸತ್ತರು. 1995ರಲ್ಲಿ ಕಾರ್ ಬಾಂಬಿಗೆ 11 ವರ್ಷದ ಹುಡುಗ ಬಲಿಯಾದ ಮೇಲೆ ಜನ ಎದ್ದು ನಿಂತರು, ಕಾನೂನು ಬಂತು. ಡೆನ್ಮಾರ್ಕ್, ಸ್ವೀಡನ್ ಕಡೆ ಹೆಲ್ಸ್ ಏಂಜಲ್ಸ್ ಮತ್ತು ಬ್ಯಾಂಡಿಡೋಸ್ ಮಧ್ಯೆ ನಡೆದದ್ದರಲ್ಲಿ ಟ್ಯಾಂಕ್ ಹೊಡೆಯುವ ರಾಕೆಟನ್ನೇ ಬಳಸಿದ್ದಾರೆ, ಸೈನ್ಯದ ಗೋದಾಮಿನಿಂದ ಕದ್ದದ್ದು. ಕೊನೆಗೆ 1997ರಲ್ಲಿ ಎರಡೂ ಕಡೆಯವರು ಟಿವಿಯಲ್ಲಿ ಕೈ ಕುಲುಕಿ ರಾಜಿ ಮಾಡಿಕೊಂಡರು. ನೆದರ್‌ಲ್ಯಾಂಡ್ಸ್‌ನಲ್ಲಿ 2019ರಲ್ಲಿ ಕೋರ್ಟು ಹೆಲ್ಸ್ ಏಂಜಲ್ಸನ್ನೇ ನಿಷೇಧಿಸಿತು. ಅಪರಾಧ ಮಾಡಿದ್ದು ಕೆಲವು ಸದಸ್ಯರು, ಕ್ಲಬ್ ಅಲ್ಲ ಅಂತ ಅವರು ಯಾವಾಗಲೂ ಹೇಳುತ್ತಾರೆ. ಹೇಳಲಿ. ಬೈಕ್ ಮೇಲಿನ ಪ್ರೀತಿಗೆ ಮಾತ್ರ ಅಲ್ಲಿಗೆ ಸೇರಿದವರೂ ಇರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಅಳಿಯ ಬಿಡಲಿಲ್ಲ. ಸರಿ ಮಾವ, ಬುರುಡೆ ತೆಗೆಯುವ, ಕ್ಯಾಲಿಫೋರ್ನಿಯಾ ತೆಗೆದು ಅಲ್ಲಿ ನಮ್ಮ ಊರಿನ ಹೆಸರು ಹಾಕುವ ಅಂದ. ನೋಡಿ, ಎಂಟು ಜನರ ಗುಂಪಿನಲ್ಲಿ ಅವತ್ತು ನಡೆದ ಜಗಳ ಹಿಂದೆ ನಡೆದದ್ದಿಲ್ಲ. ನಮ್ಮಲ್ಲಿ ಮನೆಮಾತು ಐದು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ. ಯಾವ ಲಿಪಿಯಲ್ಲಿ ಬರೆಸುವುದು? ಮೇಷ್ಟ್ರು ಕನ್ನಡ ಅಂದರು. ಕಾಞಂಗಾಡಿನ ಗೆಳೆಯ ನಕ್ಕು, ಗಾಡಿ ನಂಬರು ಕೆಎಲ್ 14 ಅಲ್ವಾ ಮೇಷ್ಟ್ರೇ ಅಂದ. ಮೇಷ್ಟ್ರು ಚಹಾದ ಗ್ಲಾಸು ಕೆಳಗಿಟ್ಟರು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಶುರು ಮಾಡಿದರು, 1967ರ ಮಹಾಜನ ವರದಿಗೆ ಬಂದರು, ಚಂದ್ರಗಿರಿ ಹೊಳೆಯ ಬಡಗು ದಿಕ್ಕು ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ ಸೇರಬೇಕು ಅಂತ ಅದರಲ್ಲಿ ಬರೆದದ್ದನ್ನು ಹೇಳಿದರು. ಗೋಳಿಬಜೆ ತಣ್ಣಗಾಯಿತು. ಹಾಗಾದರೆ ಹೊಳೆ ದಾಟುವಾಗ ನಾನು ವೆಸ್ಟ್ ತಿರುಗಿಸಿ ಹಾಕಬೇಕಾ ಅಂತ ಕಾಞಂಗಾಡಿನವನು ಕೇಳಿದ. ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು, ಆದರೆ ಸ್ವಲ್ಪ ತಡವಾಗಿ.

ಆ ಪಟ್ಟಿ ಹಾಕುವುದೇ ಬೇಡ ಅಂತ ಆಯಿತು.

ಹಾಗಾಗಿ ವೆಸ್ಟ್ ಟೈಲರ್ ಕೈಗೆ ಹೋಯಿತು. ಕಾಸರಗೋಡು ಹಳೆ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಓಣಿ, ಅಲ್ಲಿ ಒಬ್ಬರು ಕಾಕ ಕೂರುತ್ತಾರೆ. ಹೆಸರು ಹಾಕುವುದಿಲ್ಲ, ಅವರಿಗೆ ಈಗ ಇರುವ ಕೆಲಸವೇ ಜಾಸ್ತಿ. ಅವರ ತಾಯಿ ತಳಂಗರೆ ಟೊಪ್ಪಿ ಹೊಲಿಯುತ್ತಿದ್ದವರಂತೆ, ಬಿಳಿ ಬಟ್ಟೆ ಮೇಲೆ ಕೈಯಲ್ಲೇ ಸೂಕ್ಷ್ಮ ಕಸೂತಿ ಹಾಕುವ ಆ ಟೊಪ್ಪಿ ಗಲ್ಫಿಗೆಲ್ಲ ಹೋಗುತ್ತಿತ್ತು. ಆ ಕಣ್ಣು ಮಗನಿಗೂ ಬಂದಿದೆ. ಬುರುಡೆಯನ್ನು ಉಲ್ಟಾ ಮಾಡಿ ನೋಡಿದರು. ಮೆಷಿನ್ ಕಸೂತಿ, ಒಂದು ಹಲ್ಲು ಜಾಸ್ತಿ ಬಂದಿದೆ ಅಂದರು. ನಾನು ಒಂದು ತಿಂಗಳು ಆ ಬುರುಡೆ ಹೊತ್ತುಕೊಂಡು ತಿರುಗಿದ್ದೇನೆ, ಹಲ್ಲು ಎಣಿಸಿರಲಿಲ್ಲ.

ಬಿಚ್ಚುವ ಕೆಲಸ ಸುಲಭ ಇರಲಿಲ್ಲ. ಹೊಲಿಗೆ ಮಾತ್ರ ಅಲ್ಲ, ಅಡಿಯಲ್ಲಿ ಅಂಟೂ ಹಾಕಿದ್ದಾರೆ. ಕಾಕ ಬ್ಲೇಡಿನ ತುದಿಯಲ್ಲಿ ಒಂದೊಂದೇ ನೂಲು ಕತ್ತರಿಸಿದರು, ಅಂಟನ್ನು ಬಿಸಿ ಇಸ್ತ್ರಿ ಪೆಟ್ಟಿಗೆ ಹತ್ತಿರ ಹಿಡಿದು ಮೆತ್ತಗೆ ಮಾಡಿ ಎಬ್ಬಿಸಿದರು. ಒಂದೂವರೆ ಗಂಟೆ. 180 ರೂಪಾಯಿ ತೆಗೆದುಕೊಂಡರು, ನಾನು 250 ಕೊಟ್ಟೆ. ಇವರ ಕೆಲಸಕ್ಕೆ ಐದಕ್ಕೆ ಐದು ಸ್ಟಾರ್. ಚರ್ಮದಲ್ಲಿ ಸೂಜಿಯ ತೂತು ಹಾಗೇ ಉಳಿದಿದೆ, ಬಟ್ಟೆಯ ಹಾಗೆ ಚರ್ಮ ಮುಚ್ಚಿಕೊಳ್ಳುವುದಿಲ್ಲ. ಬಿಸಿಲಿಗೆ ಓರೆಯಾಗಿ ನಿಂತರೆ ಬೆನ್ನ ಮೇಲೆ ಬುರುಡೆಯ ಅಂಚು ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ, ಮದುವೆ ಮನೆಯ ರಂಗೋಲಿಯ ಹಾಗೆ. ಕಿತ್ತ ತುಂಡುಗಳನ್ನು ಕಾಕ ತಾವೇ ಇಟ್ಟುಕೊಂಡರು. ಹೋದ ವಾರ ಹೋದಾಗ ನೋಡಿದೆ, ಬುರುಡೆಯನ್ನು ಮಡಚಿ ಹೊಲಿಗೆ ಮೆಷಿನಿನ ಒಂದು ಕಾಲಿನ ಅಡಿಗೆ ಇಟ್ಟಿದ್ದಾರೆ, ಅಲುಗಾಡದ ಹಾಗೆ.

ಈಗ ವೆಸ್ಟಿನ ಗುಣಮಟ್ಟ. "ಜೆನ್ಯೂಯಿನ್ ಲೆದರ್" ಅಂತ ಒಳಗೆ ಮುದ್ರೆ ಉಂಟು. ಆ ಮಾತಿಗೆ ಮರುಳಾಗಬೇಡಿ, ಒಳ್ಳೆ ಚರ್ಮ ಅಂತ ಅದರ ಅರ್ಥ ಅಲ್ಲ. ತೊಗಲಿನ ಮೇಲಿನ ಪದರವನ್ನು ಸೀಳಿ ತೆಗೆದ ಮೇಲೆ ಉಳಿಯುವ ಕೆಳಗಿನ ಪದರಕ್ಕೆ ಪ್ಲಾಸ್ಟಿಕ್ ಲೇಪ ಕೊಟ್ಟರೂ ಹಾಗೇ ಬರೆಯುತ್ತಾರೆ. ಇದು ಅಂತದ್ದೇ. ಬೆನ್ನ ಮೇಲೆ ನೀರಿನ ಹನಿ ಬಿಟ್ಟರೆ ಕೆಸುವಿನ ಎಲೆ ಮೇಲೆ ಉರುಳಿದ ಹಾಗೆ ಉರುಳುತ್ತದೆ, ಅಂಚಿನಲ್ಲಿ ಲೇಪ ಇಲ್ಲದ ಕಡೆ ಹೀರಿಕೊಳ್ಳುತ್ತದೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು, ಆಟಿ (ಆಷಾಢ) ತಿಂಗಳಲ್ಲಿ ಹತ್ತು ದಿನ ಕಪಾಟಿನಲ್ಲಿ ಇಟ್ಟದ್ದಕ್ಕೆ ಒಳಗಿನ ಲೈನಿಂಗ್ ಪೂರ್ತಿ ಬೂಷ್ಟು ಹಿಡಿಯಿತು. ತೆಂಗಿನೆಣ್ಣೆ ಹಚ್ಚಿ ಅಂತ ಯಾರೋ ಹೇಳಿದರು. ಹಚ್ಚಬೇಡಿ. ನಾನು ಹಚ್ಚಿದೆ, ಈಗ ಬಿಸಿಲಿಗೆ ಹೋದರೆ ಹಪ್ಪಳ ಕರಿದ ವಾಸನೆ ಬರುತ್ತದೆ, ನಾಯಿಗಳು ಹಿಂದೆ ಬರುತ್ತವೆ.

ಹೊಲಿಗೆ ಗಟ್ಟಿ ಉಂಟು, ಒಪ್ಪುತ್ತೇನೆ. ಪಕ್ಕದ ಲೇಸ್ ಬಿಗಿ ಮಾಡಬಹುದು, ಊಟ ಆದ ಮೇಲೆ ಸಡಿಲ ಮಾಡಬಹುದು. ಗುಂಡಿಗಳಲ್ಲಿ ನಾಲ್ಕಕ್ಕೆ ಒಂದು ಎರಡೇ ತಿಂಗಳಲ್ಲಿ ಹೋಯಿತು. ಒಳಗಿನ ಎಡ ಜೇಬು ಮಾತ್ರ ಬಹಳ ಒಳ್ಳೆಯದು, ಆರ್‌ಸಿ, ಲೈಸೆನ್ಸ್, ಫೋನು ಎಲ್ಲ ಹಿಡಿಯುತ್ತದೆ, ಜಿಪ್ ಉಂಟು. ತಲಪಾಡಿ ಚೆಕ್‌ಪೋಸ್ಟಿನಲ್ಲಿ ಮಳೆಯಲ್ಲಿ ನಿಂತು ಕಾಗದ ತೆಗೆಯುವವರಿಗೆ ಅದರ ಬೆಲೆ ಗೊತ್ತು.

ಇನ್ನೊಂದು ವಿಷಯ, ಇದು ರೈಡಿಂಗ್ ಜಾಕೆಟ್ ಅಲ್ಲ. ತೋಳಿಲ್ಲ, ಭುಜಕ್ಕೆ ಮೊಣಕೈಗೆ ಬೆನ್ನಿಗೆ ಪ್ಯಾಡ್ ಇಲ್ಲ. ಹೈವೇ 66ರ ಕೆಲಸದ ಜಲ್ಲಿ ಮೇಲೆ ಜಾರಿದರೆ ಮೊದಲು ನೆಲಕ್ಕೆ ತಾಗುವುದು ಮೊಣಕೈ, ಅಲ್ಲಿ ಈ ವೆಸ್ಟ್ ಇರುವುದೇ ಇಲ್ಲ. ಅಷ್ಟೇ ದುಡ್ಡಿಗೆ ಪ್ಯಾಡ್ ಇರುವ ಬಲೆ ಬಟ್ಟೆಯ ಜಾಕೆಟ್ ಸಿಗುತ್ತದೆ. ಮೊದಲ ಸಲ ಬೈಕ್ ತೆಗೆದುಕೊಂಡ ಹುಡುಗರು ಅದನ್ನೇ ತೆಗೆದುಕೊಳ್ಳಿ. ಅಳಿಯನಿಗೆ ಅದನ್ನೇ ಕೊಡಿಸಿದೆ, ಮುಖ ಊದಿಸಿಕೊಂಡು ಹಾಕುತ್ತಿದ್ದಾನೆ.

ಎದೆಯ ಮೇಲೆ 1% ಇದ್ದ ಜಾಗದಲ್ಲಿ ಕಾಕ ಈಗ ನನ್ನ ರಕ್ತದ ಗುಂಪು ಹೊಲಿದು ಕೊಟ್ಟಿದ್ದಾರೆ, ಬಿ ಪಾಸಿಟಿವ್. ಅದನ್ನು ಯಾವ ಲಿಪಿಯಲ್ಲಿ ಹಾಕುವುದು ಅಂತಲೂ ಒಂದು ಸಣ್ಣ ಚರ್ಚೆ ಆಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಸೈಜ್: ಅವರ ಚಾರ್ಟ್ ನಂಬಬೇಡಿ. ನಾನು ಅಂಗಿಗೆ 42 ಹಾಕುವವನು, ಎಲ್ ತರಿಸಿದೆ, ಕಂಕುಳಲ್ಲಿ ಹಿಡಿಯುತ್ತದೆ. ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ, ಒಳಗೆ ಸ್ವೆಟರ್ ಹಾಕುವವರು ಎರಡು. ಪ್ಯಾಚ್ ಇಲ್ಲದ ಸಾದಾ ಕಪ್ಪು ವೆಸ್ಟ್ ಕೂಡ ಅದೇ ಪುಟದ ಕೆಳಗೆ ಉಂಟು, 600 ರೂಪಾಯಿ ಕಡಿಮೆ. ನಾನು ಅಷ್ಟು ಕೆಳಗೆ ಹೋಗಿ ನೋಡಿರಲಿಲ್ಲ.